ಕಡ ತಂದ ಸೋಲು

ಕೆಳಗಿನ ಮನೆಯವರು ಗೋಡೆ ಕೊರೆಯುವ ಯಂತ್ರವನ್ನು ಮತ್ತೆ ಶುರು ಮಾಡಿದಾಗ, ಇವತ್ತಿನಿಂದ ಮಾಮೂಲಿ ದಿನಗಳು ಎಂದು ಅವಳಿಗೆ ಗೊತ್ತಾಯಿತು. ಅವಳ ಗಂಡ ಸತ್ತ ದಿನದಿಂದ ಅವರು ಅದನ್ನು ನಿಲ್ಲಿಸಿದ್ದರು. ಆ ಮನೆಯಾಕೆ ಅರ್ಧ ಒಡೆದ ಅಡುಗೆಮನೆಯಲ್ಲಿ, ಪಾತ್ರೆಗಳ ಮೇಲೆ ಹಳೆಯ ಬಟ್ಟೆ ಹೊದಿಸಿ, ಧೂಳಿನ ನಡುವೆಯೇ ಬೇಯಿಸಿಕೊಂಡು ಕಾದಿದ್ದಳು. ಮೆಟ್ಟಿಲಲ್ಲಿ ಎದುರಾದರೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಿದ್ದಳು. ಎಷ್ಟು ದಿನ ಕಾದರೆ ಮರ್ಯಾದೆ, ಎಷ್ಟರಿಂದಾಚೆ ಅತಿಯಾಗುತ್ತದೆ ಎಂದು ಗಂಡ ಹೆಂಡತಿ ಕೂತು ಮಾತಾಡಿರಬೇಕು. ನಿನ್ನೆ ಕೊನೆಯ ನೆಂಟರು ಚೀಲ ಹಿಡಿದು ಇಳಿದದ್ದನ್ನು ಕಿಟಕಿಯಿಂದ ನೋಡಿ, ಇನ್ನು ಪರವಾಗಿಲ್ಲ ಅಂದುಕೊಂಡಿರಬೇಕು. ಈಗ ಸದ್ದು ನೆಲದಿಂದ ಮಂಚದ ಕಾಲಿಗೆ, ಅಲ್ಲಿಂದ ಅವಳ ಹಲ್ಲಿಗೆ ಹತ್ತಿತು. ಸಿಟ್ಟು ಬರಲಿಲ್ಲ. ಏಳಬೇಕೋ ಬೇಡವೋ ಎಂಬುದನ್ನು ಬೇರೆ ಯಾರೋ ತೀರ್ಮಾನಿಸಿದರಲ್ಲ ಎಂದು ಹಗುರವಾಯಿತು. ಎದ್ದಳು.

ಮುಖ ತೊಳೆಯುವಾಗಲೇ ಉತ್ತರಗಳನ್ನು ಜೋಡಿಸತೊಡಗಿದಳು. 'ಹೇಗಿದ್ದೀರಿ?' ಎಂದರೆ 'ಇದ್ದೀನಿ.' 'ಹೇಗಾಯ್ತು?' ಎಂದರೆ 'ಕೆಲಸದ ಜಾಗದಲ್ಲಿ ಮೆಟ್ಟಿಲ ಮೇಲೆ ಕೂತರು, ಏಳಲಿಲ್ಲ.' 'ಮುಂಚೆ ಏನೂ ತೊಂದರೆ ಇರಲಿಲ್ವಾ?' ಎಂದರೆ 'ಇರಲಿಲ್ಲ.' ಕೊನೆಯದನ್ನು ಒಂದು ಕ್ಷಣ ತಡೆದು ಹೇಳಬೇಕು, ಇಲ್ಲದಿದ್ದರೆ ಬಾಯಿಪಾಠದ ಹಾಗೆ ಕೇಳಿಸುತ್ತದೆ. ಇದು ಅವಳ ಕಸುಬು. ಎಂಬಿಎ ಸೀಟಿಗಾಗಿ ಸಂದರ್ಶನಕ್ಕೆ ಹೋಗುವವರನ್ನು ತಯಾರು ಮಾಡುವ ಸಂಸ್ಥೆಯೊಂದರಲ್ಲಿ ಅವಳು ಅಣಕು ಸಂದರ್ಶನ ನಡೆಸುತ್ತಾಳೆ. ಮೇಜಿನ ಆಚೆ ಕೂತು, ಯಾವುದೋ ದೊಡ್ಡ ಕಾಲೇಜಿನ ಪ್ರೊಫೆಸರ್ ಆದಂತೆ ಮುಖ ಮಾಡಿಕೊಂಡು, ಯಾಕೆ ಎಂಬಿಎ, ಈಗಲೇ ಯಾಕೆ, ಇಲ್ಲೇ ಯಾಕೆ ಎಂದು ಕೇಳುತ್ತಾಳೆ. 'ಅಣಕಿಸೋಕೂ ಸಂಬಳ ಕೊಡ್ತಾರಾ? ನಮ್ಮ ಚಿಕ್ಕಪ್ಪ ಜೀವನವಿಡೀ ಬಿಟ್ಟಿ ಮಾಡಿದನಲ್ಲೇ' ಎಂದು ಮದುವೆಯಾದ ಹೊಸದರಲ್ಲಿ ಗಂಡ ನಕ್ಕಿದ್ದ. ಆಮೇಲೆ ತಾನೂ ಎಂಬಿಎಗೆ ಅರ್ಜಿ ಹಾಕಿ, ಅಂಥದೇ ಮೇಜಿನ ಈಚೆ ಅವನೂ ಬಂದು ಕೂತ. ಸಂಸ್ಥೆಯ ಮೇಜಲ್ಲ, ಮನೆಯದು. ಊಟದ ತಟ್ಟೆಗಳನ್ನು ಒಂದು ಕಡೆ ಸರಿಸಿ.

ಕರೆಗಂಟೆ ಆದಾಗ ಅತ್ತೆ ಹೋಗಿ ತೆಗೆದರು. ಅವಳು ಅಡುಗೆಮನೆಯಲ್ಲಿದ್ದಳು.

"ಯಾರಪ್ಪಾ?"

"ನಾನಮ್ಮ. ಬೀಗ."

ಔಷಧಿ ಗೋದಾಮಿನಲ್ಲಿ ಗಂಡನ ಜೊತೆ ಕೆಲಸ ಮಾಡುವವನು. ಮೊದಲ ಸಲ ಮನೆಗೆ ಕರೆತಂದಾಗ ಗಂಡ, 'ಅಮ್ಮಾ, ಇವನು ಬೀಗ' ಎಂದಷ್ಟೇ ಹೇಳಿದ್ದ. ಅತ್ತೆ ಗಾಬರಿಯಾಗಿ, 'ಯಾರ ಕಡೆ ಬೀಗನೋ? ನಾನು ಹೆಣ್ಣು ಹೆತ್ತಿಲ್ಲ, ನಿನಗಿನ್ನೂ ಮಕ್ಕಳಿಲ್ಲ' ಎಂದಿದ್ದರು. ಗಂಡ ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡಿದ್ದ. ಬಾಗಿಲಿಗೆ ಹಾಕುವ ಬೀಗ ಎಂದು ಆಮೇಲೆ ತಿಳಿಯಿತು. ಆದರೂ ಅವನು ಬಂದಾಗೆಲ್ಲ ಅತ್ತೆ, 'ಬೀಗರಿಗೆ ಮೊದಲು ಬಡಿಸಮ್ಮ, ಆಮೇಲೆ ಮುನಿಸಿಕೊಂಡಾರು' ಎನ್ನುತ್ತಿದ್ದರು. ಇವತ್ತು ಅದನ್ನು ಹೇಳಲಿಲ್ಲ. ಅವನ ಕೋಟು, ಟೈ ನೋಡಿ, "ಏನಪ್ಪಾ, ಮದುಮಗನ ಹಾಗೆ ಬಂದಿದ್ದೀಯ" ಎಂದರು. ಅವನು ಸಾವಿನ ಮನೆಗೆ ಹೀಗೆ ಬರಬಾರದಿತ್ತು ಎನ್ನುವಂತೆ ಟೈ ಸಡಿಲಿಸಿ, ಕೋಟು ಬಿಚ್ಚಲು ಹೋಗಿ, ಒಳಗಿನ ಅಂಗಿಯ ಬೆನ್ನು ಒದ್ದೆಯಾಗಿದ್ದದ್ದು ನೆನಪಾಗಿಯೋ ಏನೋ ಮತ್ತೆ ಹಾಕಿಕೊಂಡ. "ಒಂದು ಕೆಲಸ ಇತ್ತಮ್ಮ, ಹಾಗೇ ಬಂದೆ. ಅಣ್ಣನ ಸ್ವೆಟರ್ ಅಲ್ಲೇ ಉಳಿದಿತ್ತು."

ಅವಳು ಚಹಾ ಹಿಡಿದು ಬರುವಷ್ಟರಲ್ಲಿ ಅತ್ತೆ ಶುರು ಮಾಡಿಬಿಟ್ಟಿದ್ದರು. ಈ ದಿನಗಳಲ್ಲಿ ಬಂದವರಿಗೆಲ್ಲ ಹೇಳಿದ್ದು. ಅವಳು ಬಾಗಿಲಲ್ಲೇ ನಿಂತಳು.

"ನೀನು ಅಲ್ಲೇ ಇರೋನು, ನಿಂಗೆ ಗೊತ್ತಿರುತ್ತೆ ಬಿಡು. ನನ್ನ ಮಗ ಆ ತಣ್ಣನೆ ಕೋಣೆ ಬಾಗಿಲು ಸರಿಯಾಗಿ ಹಾಕದೆ ಮನೆಗೆ ಬಂದುಬಿಟ್ಟಿದ್ದನಂತೆ. ಬೆಳಿಗ್ಗೆ ಹೋದರೆ ಬಾಗಿಲು ಓರೆಯಾಗಿತ್ತಂತೆ. ಮುಚ್ಚಿದ ಮೇಲೆ ತಂಪು ಮತ್ತೆ ಎಷ್ಟಿರಬೇಕೋ ಅಷ್ಟಾಯ್ತಂತೆ. ಬಾಯಿ ಮುಚ್ಕೊಂಡಿದ್ರೆ ನರಪಿಳ್ಳೆಗೂ ಗೊತ್ತಾಗ್ತಿರಲಿಲ್ಲ. ಇವನು ಹೋಗಿ ಲಾರಿ ಮುಂದೆ ನಿಂತನಂತೆ. ಈ ಔಷಧಿ ಕೆಟ್ಟಿರಬಹುದು, ಹೋಗಕೂಡದು, ತಪ್ಪು ನಂದು ಅಂತ. ಅಷ್ಟೂ ಮಾಲು ಸುರಿಸಿಬಿಟ್ಟರಂತೆ. ನಿಜ ತಾನೆ?"

"ನಿಜ ಅಮ್ಮ."

"ನೀನಿದ್ದೆಯಾ ಅವತ್ತು?"

"ಇದ್ದೆ."

"ಹೆದರಿಕೆ ಆಗಿರಲಿಲ್ವಾ ಅವನಿಗೆ?"

ಬೀಗ ಟೈಯ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಆಗಿತ್ತು. ಡ್ರೈವರ್ ಹಾರನ್ ಹೊಡೀತಾನೇ ಇದ್ದ, ಏಯ್ ಸರಿಯೋ ಅಂತ. ಆಮೇಲೆ... ಎಲ್ಲಾ ಮುಗಿದ ಮೇಲೆ ಬಚ್ಚಲಿಗೆ ಹೋಗಿ ವಾಂತಿ ಆಯ್ತು."

"ವಾಂತಿನಾ?" ಅತ್ತೆಯ ಕಣ್ಣು ತುಂಬಿತು. "ಅದನ್ನು ಅವನು ಹೇಳಲೇ ಇಲ್ಲ ನೋಡು."

ಅವಳ ಕೈಯಲ್ಲಿದ್ದ ಬಟ್ಟಲಿನಿಂದ ಚಹಾ ತಟ್ಟೆಗೆ ಚೆಲ್ಲಿತು. ಬೀಗ ಎದ್ದು ಬಂದು ತಾನೇ ತೆಗೆದುಕೊಂಡ. ತಟ್ಟೆಯಲ್ಲಿದ್ದದ್ದನ್ನು ಬಟ್ಟಲಿಗೆ ಬಗ್ಗಿಸಿಕೊಂಡು, ಕುಡಿದು, ಚೆನ್ನಾಗಿದೆ ಅತ್ತಿಗೆ ಅಂದ. ಸಕ್ಕರೆ ಹಾಕಲು ಅವಳು ಮರೆತಿದ್ದಳು.

ಕೆಳಗಿನವರೆಗೆ ಬಿಟ್ಟು ಬರುತ್ತೇನೆಂದು ಹೊರಟಳು. ಯಂತ್ರದ ಸದ್ದು ನಿಂತಾಗ ಅವನು ಮೆಟ್ಟಿಲಲ್ಲಿ ನಿಂತ.

"ಅತ್ತಿಗೆ, ನಂಗೂ ಇಂಟರ್ವ್ಯೂಗೆ ಕರೆ ಬಂದಿದೆ. ಇವತ್ತು ಮಧ್ಯಾಹ್ನ. ಅಣ್ಣ ಹೋಗಿದ್ರಲ್ಲ, ಅದೇ ಕಾಲೇಜು."

"ಅದೇ ಪ್ಯಾನೆಲ್ಲಾ?"

"ಅದೇ ಅಂತೆ."

"ನಿಮ್ಮ ಒಂದು ಸೋಲು ಹೇಳಿ ಅನ್ನೋ ಪ್ರಶ್ನೆಗೆ ಅರ್ಜಿಯಲ್ಲಿ ಏನು ಬರೆದಿದ್ದೀರಿ?" ಕೇಳಿದ ಮೇಲೆ, ಇದು ತನ್ನ ಕೆಲಸದ ದನಿ ಎಂದು ಅವಳಿಗೆ ಕೇಳಿಸಿತು.

"ಬಾಗಿಲದ್ದೇ. ಬರೆಯೋವಾಗ ಅಣ್ಣನೂ ಅದನ್ನೇ ಹೇಳ್ತಾರೆ ಅಂತ ನಂಗೆ ಗೊತ್ತಿರಲಿಲ್ಲ ಅತ್ತಿಗೆ, ದೇವರಾಣೆ. ಅಣ್ಣ ಇಂಟರ್ವ್ಯೂ ಮುಗಿಸಿ ಬಂದು ಹೇಳಿದ್ರು. ಏ ಬೀಗ, ನಿನ್ನ ಬಾಗಿಲನ್ನ ಒಂದು ದಿನಕ್ಕೆ ಕಡ ತಗೊಂಡಿದ್ದೆ ಕಣೋ, ವಾಪಸ್ ಕೊಡ್ತೀನಿ, ಬೇಜಾರು ಮಾಡ್ಕೋಬೇಡ ಅಂತ. ನಕ್ಕರು. ನಾನೂ ನಕ್ಕೆ."

"ಬೈಬೇಕಿತ್ತು."

"ಅಣ್ಣಂಗೆ ಏನಂತ ಬೈಯೋದು? ನಂಗೆ ಅರ್ಜಿ ಹಾಕಿಸಿದ್ದೇ ಅವರು." ಯಂತ್ರ ಮತ್ತೆ ಶುರುವಾಯಿತು. ಅವನು ಅದಕ್ಕಿಂತ ಜೋರಾಗಿ ಹೇಳಬೇಕಾಯಿತು. "ಈಗ ನಾನು ಹೋಗಿ ಅದೇ ಹೇಳಿದ್ರೆ, ಅದೇ ಕಂಪನಿ, ಅದೇ ಬಾಗಿಲು. ಸತ್ತವನದ್ದು ಕದ್ದ ಅಂತಾರೆ!" ಸದ್ದು ತಟ್ಟನೆ ನಿಂತು 'ಕದ್ದ ಅಂತಾರೆ' ಎಂಬುದಷ್ಟೇ ಮೆಟ್ಟಿಲುಗಳ ನಡುವೆ ಉಳಿಯಿತು. ಅವನು ದನಿ ತಗ್ಗಿಸಿದ. "ಹೋಗೋದೇ ಬೇಡ ಅಂತಾನೂ ಅನ್ನಿಸುತ್ತೆ. ಆದ್ರೆ ಗೋದಾಮಲ್ಲಿರೋವರೆಗೂ ನಾನು ಬೀಗಾನೇ ಅತ್ತಿಗೆ. ಹೊಸದಾಗಿ ಸೇರಿದವರಿಗೂ ಮೊದಲು ಅದನ್ನೇ ಹೇಳಿಕೊಡ್ತಾರೆ. ಹೊರಗೆ ಹೋಗೋಕೆ ನಂಗಿರೋದು ಇದೊಂದು ದಾರಿ."

"ಬೇರೆ ಸೋಲು ಇಲ್ವಾ?"

"ಇವೆ. ಹೇಳೋ ಅಂಥವಲ್ಲ." ಆಮೇಲೆ, ಅವಳ ಮುಖ ನೋಡಿ ನಗಲು ಪ್ರಯತ್ನಿಸುತ್ತ, "ನೀವೇ ಒಂದು ಹೇಳಿಕೊಡಿ, ಅಣ್ಣಂಗೆ ಹೇಳಿಕೊಟ್ಟ ಹಾಗೆ" ಅಂದ. ಕುಟುಕಬೇಕೆಂದು ಅಂದದ್ದಲ್ಲ. ಕುಟುಕುವುದು ಅವನಿಗೆ ಬರುವುದಿಲ್ಲ. ಅವನು ಇಳಿದು ಹೋಗುವಾಗ ಕೋಟಿನ ಬೆನ್ನಿನ ಮೇಲೆ ಗೋಡೆಯ ಸುಣ್ಣ ಹತ್ತಿದ್ದು ಕಂಡಿತು. ಕರೆದು ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಬೀದಿಗೆ ತಿರುಗಿದ್ದ.

ಬಾಗಿಲನ್ನು ತೆರೆದಿಟ್ಟದ್ದಕ್ಕೆ ಬೀಗ ಎಂಬ ಹೆಸರು ಆ ಹುಡುಗನಿಗೆ ಬಂತು, ಕಥೆ ಅವಳ ಗಂಡನಿಗೆ ಹೋಯಿತು. ಕೆಲಸಕ್ಕೆ ಹೊರಡಲು ಬ್ಯಾಗು ತೆಗೆದುಕೊಳ್ಳಲೆಂದು ಅವಳು ಮೇಲೆ ಬಂದಾಗ ಅತ್ತೆ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಅದರ ತೋಳಿಗೆ ಅಂಟಿದ್ದ ಒಂದು ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದರು. ತಲೆಯೆತ್ತದೆ, "ಆ ಬಾಗಿಲಿನ ಕಥೆ ಆ ಹುಡುಗಂದೇ ಅಲ್ವೇನೇ?" ಅಂದರು.

ಅವಳು ಬ್ಯಾಗನ್ನು ಹೆಗಲಿಗೇರಿಸಿದಳು.

"ನನ್ನ ಮಗ ಬಾಗಿಲು ಹಾಕದೆ ಬರೋನಾ? ಸಣ್ಣವನಿದ್ದಾಗಿಂದ ಮಲಗಿದ ಮೇಲೂ ಎದ್ದೆದ್ದು ಚಿಲಕ ಎಳೆದು ನೋಡೋನು. ನಿನಗೆ ಗೊತ್ತಿಲ್ವಾ? ನೀವು ಊಟದ ಮೇಜಲ್ಲಿ ಕೂತು ಅಷ್ಟು ದಿನ ಉರು ಹೊಡೆದಿರಲ್ಲ, ಗೋಡೆಯಾಚೆ ಎಲ್ಲಾ ಕೇಳಿಸ್ತಿತ್ತು. ಒಂದೊಂದು ದಿನ ಒಂದೊಂದು ಥರ ಹೇಳ್ತಿದ್ದ."

"ಗೊತ್ತಿದ್ದೂ ಅವರ ಮುಂದೇನೇ ಹೇಳಿದಿರಲ್ಲ ಅತ್ತೆ."

"ಹೂಂ ಅಂತಾನೋ ಊಹೂಂ ಅಂತಾನೋ ನೋಡೋಣ ಅಂತ. ಹೂಂ ಅಂದ. ಒಳ್ಳೇ ಹುಡುಗ." ಚೀಟಿ ಬರಲಿಲ್ಲ. ಅರ್ಧ ಹರಿದು ಉಳಿಯಿತು. "ಬಂದವರಿಗೆ ಏನಾದ್ರೂ ಹೇಳಬೇಕಲ್ಲೇ. ಒಳ್ಳೆಯವನು, ಒಳ್ಳೆಯವನು ಅಂತ ಎಷ್ಟು ಸಲ ಅನ್ನೋದು? ಎಲ್ಲಾ ಸತ್ತವರೂ ಒಳ್ಳೆಯವರೇ. ಒಂದು ಅಂಥದ್ದು ಅಂತ ಬೇಕಲ್ಲ, ಕೇಳಿದವರು ಹೌದಾ ಅನ್ನೋ ಅಂಥದ್ದು. ಅವನದ್ದು ಹುಡುಕಿ ನೋಡಿದೆ. ಪಾಪ, ಯಾರ ತಂಟೆಗೂ ಹೋದವನಲ್ಲ."

ಸಂಸ್ಥೆಯಲ್ಲಿ ಎಲ್ಲರೂ ಅವಳನ್ನು ನೋಡಿ ಸ್ವಲ್ಪ ನಿಧಾನವಾಗಿ ನಡೆದರು. ಅದನ್ನು ನಡೆಸುವ ಮೇಡಂ ತಮ್ಮ ಕೋಣೆಗೆ ಕರೆದು, ಕೈ ಹಿಡಿದು, ಕೂರಿಸಿ, ಇನ್ನೂ ಸ್ವಲ್ಪ ದಿನ ಬಿಟ್ಟು ಬರಬಹುದಿತ್ತು ಎಂದರು. ಬಂದದ್ದೇ ಒಳ್ಳೆಯದಾಯಿತು ಎಂದೂ ಅಂದರು, ಇದು ಸಂದರ್ಶನಗಳ ಕಾಲ, ಜನ ಇಲ್ಲ. ಆಮೇಲೆ, ಹೇಗೆ ಹೇಳುವುದೆಂದು ತಿಳಿಯದೆ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ, "ಗದರಿಸಿ ಕೇಳೋ ಒತ್ತಡದ ಇಂಟರ್ವ್ಯೂ ಈ ವಾರ ನಿಮಗೆ ಬೇಡ. ಹುಡುಗರು ನಿಮ್ಮನ್ನು ನೋಡಿ ಮೆತ್ತಗಾಗಿಬಿಡ್ತಾರೆ. ಅದರ ಬದಲು ಮನೇಲಿ ಸಾವು ಗೀವು ಆಗಿ, ಅದನ್ನ ಹೇಳ್ಕೊಳ್ಳೋ ಕ್ಯಾಂಡಿಡೇಟುಗಳನ್ನ ನೀವು ನೋಡ್ಕೊಳ್ಳಿ. ನಿಮಗೆ ಅರ್ಥ ಆಗುತ್ತೆ" ಎಂದರು. ಅವಳು ಆಗಲಿ ಎಂದಳು. ಅಜ್ಜಿ ಸಾಯದೆ ಅಡ್ಮಿಷನ್ ಇಲ್ಲ ಎಂಬುದು ಆ ಸಂಸ್ಥೆಯ ಹಳೆಯ ಜೋಕು. ಅದನ್ನು ಮೊದಲು ಹೇಳಿದ್ದು ಅವಳೇ. ಅದಕ್ಕೆ ಜೋಡಿಯಾಗಿ ಗಂಡ ಇನ್ನೊಂದು ಹೇಳುತ್ತಿದ್ದ. ಎಂಬಿಎ ಆಗೋವರೆಗೂ ಬಡ್ತಿ ಇಲ್ಲ, ಬಡ್ತಿ ಆಗೋವರೆಗೂ ಎಂಬಿಎ ಸೀಟಿಲ್ಲ, ಹುಚ್ಚು ಮದುವೆ ಗಾದೆ ಇದ್ದ ಹಾಗೆ ಕಣೇ. ಅವನ ಕೈಕೆಳಗೆ ಕಲಿತ ಒಬ್ಬ ಎರಡು ವರ್ಷ ಹೋಗಿ ಎಂಬಿಎ ಓದಿ ಬಂದು ಅವನ ಮೇಲಧಿಕಾರಿಯಾಗಿ ಕೂತಿದ್ದ. ಆ ಮನುಷ್ಯ ಅಂತ್ಯಕ್ರಿಯೆಗೂ ಬಂದಿದ್ದ. ಅವಳ ಮುಂದೆ ನಿಂತು, 'ಇದು ನಮಗೆಲ್ಲ' ಎಂದು ತಡೆದು, ಸರಿಯಾಗಿ ಎಷ್ಟು ತಡೆಯಬೇಕೋ ಅಷ್ಟು ತಡೆದು, 'ತುಂಬಲಾರದ ನಷ್ಟ' ಎಂದ. ಅಲ್ಲಿ ಕಲಿತು ಬಂದವರಿಗೆ ಬರುವುದು ಅದೇ ಎಂದು ಅವಳು ಎಷ್ಟೋ ಜನರಲ್ಲಿ ನೋಡಿದ್ದಳು. ಹಿಂದಿನ ವರ್ಷಗಳ ಹುಡುಗರು ಥ್ಯಾಂಕ್ಸ್ ಹೇಳಲು ಬಂದಾಗ ಮುಖ ಅದೇ ಇರುತ್ತಿತ್ತು, ದಣಿವೂ ಅದೇ, ಮಾತಿನ ನಡುವೆ ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಹೊಸದು. ಇಷ್ಟಕ್ಕೇನಾ, ಎಂದು ಅವಳಿಗೆ ಅನ್ನಿಸುತ್ತಿತ್ತು. ಅದನ್ನು ಒಂದು ದಿನವೂ ಗಂಡನಿಗೆ ಹೇಳಲಿಲ್ಲ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ ಆಗುತ್ತಿತ್ತು. ಅಥವಾ, ಹೇಳಿದ್ದರೆ ಅವನು ಸರಿ ಬಿಡು ಎಂದು ಹಾಗೇ ಉಳಿದುಬಿಡುತ್ತಾನೆ ಎಂಬ ಭಯ.

ಮೇಜಿನ ಆಚೆ ಒಬ್ಬಳು ಹುಡುಗಿ ಬಂದು ಕೂತಿದ್ದಳು. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ. "ಆ ಪ್ರಾಜೆಕ್ಟಿನಲ್ಲಿ ನಾವು ತುಂಬಾ ಕಷ್ಟಪಟ್ವಿ. ನಾವು ಏನು ಮಾಡಿದ್ವಿ ಅಂದ್ರೆ..."

"ನಾವು ಅಂದ್ರೆ ಯಾರು?" ಬಾಯಿ ತಾನಾಗಿ ಕೇಳಿತು. "ಸೀಟು 'ನಾವು'ಗೆ ಕೊಡಲ್ಲ. ನೀವೇನು ಮಾಡಿದ್ರಿ ಅದನ್ನ ಹೇಳಿ."

ಎಲ್ಲರಲ್ಲೂ ಮೊದಲು ತಿದ್ದುವುದು ಇದನ್ನೇ. ಒಬ್ಬನೇ ಮಗನಾದರೂ ನಮ್ಮಮ್ಮ ಎನ್ನುವ, ಒಬ್ಬಳೇ ಇರುವ ಕೋಣೆಯನ್ನು ನಮ್ಮನೆ ಎನ್ನುವ ಬಾಯಿಗಳು. 'ನಾನು' ಎಂದರೆ ಜಂಬ ಎಂದು ಹೊಡೆದು ಬೆಳೆಸಿದವರು. ಗಂಡನಿಗಂತೂ ಅದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಒಂದು ಸೋಲು ಹೇಳು ಎಂದರೆ ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತ, ಒಂದು ದಿನ ಬಾಗಿಲು ಹಾಗೇ ಉಳಿದುಬಿಟ್ಟಿತ್ತು ಎಂದು ಶುರು ಮಾಡಿದ. ಉಳಿದುಬಿಟ್ಟಿತ್ತು ಅಂದ್ರೆ, ಬಿಟ್ಟೋರು ಯಾರು? ಬೀಗ. ಹೇಳಿದ್ದು? ನಾವು ಹೋಗಿ ಹೇಳಿದ್ವಿ. ನಾವು ಅಂದ್ರೆ? ಅವನೇ ಹೇಳಿದ, ನಾನು ಜೊತೆಗಿದ್ದೆ. ಜೊತೆಗೆ ಅಂದ್ರೆ ಎಲ್ಲಿ? ಸ್ವಲ್ಪ ಹಿಂದೆ. ಅವಳು ಬಿಡಲಿಲ್ಲ. ಪ್ಯಾನೆಲ್ಲಿನವರು ಬಿಡುವುದಿಲ್ಲವಲ್ಲ. ಆಗ ಅವನು ತಟ್ಟೆಯಿಂದ ಕೈ ತೆಗೆದು, ಅವಳನ್ನು ನೋಡದೆ ಹೇಳಿದ. ನಿಜ ಹೇಳ್ಲಾ? ಬೆಳಿಗ್ಗೆ ಅವನು ಮೊದಲು ಬಂದಿದ್ದು ನನ್ನ ಹತ್ರ. ಏನು ಮಾಡ್ಲಿ ಅಣ್ಣ ಅಂದ. ನಾನು ಸುಮ್ಮನಿರೋ ಅಂದೆ. ಎಲ್ಲಾ ಸರಿಯಾಗಿದೆಯಲ್ಲ, ಸುಮ್ಮನಿದ್ದುಬಿಡು ಅಂದೆ. ಅವನು ಕೇಳಲಿಲ್ಲ. ಅವನು ಲಾರಿ ಮುಂದೆ ನಿಂತಾಗ ನಾನು ಆಫೀಸಿನ ಕಿಟಕೀಲಿ ನಿಂತಿದ್ದೆ. ನನ್ನ ಸೋಲು ಅಂದ್ರೆ ಅದು ಕಣೇ. ಅದನ್ನ ಹೇಳ್ಲಾ?

ಬೇಡ, ಎಂದಳು ಅವಳು. ಅದು ಹೇಳೋ ಅಂಥ ಸೋಲಲ್ಲ. ಸೋಲಿನ ಪ್ರಶ್ನೆಗೆ ಅವರು ಸೋಲು ಕೇಳ್ತಿರಲ್ಲ.

ಮತ್ತೇನು ಕೇಳ್ತಿರ್ತಾರೆ?

ಬಿದ್ದು ಎದ್ದದ್ದು ಕೇಳ್ತಿರ್ತಾರೆ.

ನಾನು ಬೀಳಲೂ ಇಲ್ಲ, ಏಳಲೂ ಇಲ್ಲ, ನಿಂತ್ಕೊಂಡಿದ್ದೆ ಅಷ್ಟೆ, ಎಂದು ನಕ್ಕಿದ್ದ. ಇಬ್ಬರೂ ನಕ್ಕಿದ್ದರು. ಮರುದಿನ, ಅದರ ಮರುದಿನ, ಬಾಗಿಲದ್ದನ್ನೇ ಹೇಳಿದ. ಪ್ರತಿ ಸಲ ಕಿಟಕಿಯಿಂದ ಲಾರಿಯ ಕಡೆ ಒಂದು ಹೆಜ್ಜೆ ಸರಿದ. ನಾವು ನಿಲ್ಲಿಸಿದ್ವಿ. ಅವಳು ಬೆರಳಿನಿಂದ ಮೇಜು ಕುಟ್ಟಿದಳು. ನಾವು... ಕುಟ್ಟಿದಳು. ಕೊನೆಗೊಂದು ದಿನ, ನಾನು ಲಾರಿಯ ಮುಂದೆ ನಿಂತೆ, ಎಂದ. ದನಿ ಚೆನ್ನಾಗಿ ಬಂದಿತ್ತು. ಎಲ್ಲಿ ತಡೆಯಬೇಕೋ ಅಲ್ಲಿ ತಡೆದಿದ್ದ. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಮೇಜಿನ ಈಚೆ ಬಂದು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು. ಅವನು ಒತ್ತಿಸಿಕೊಂಡು ಸುಮ್ಮನೆ ಇದ್ದ. ಆ ಸುಮ್ಮನಿರುವಿಕೆಯನ್ನು ಅವಳು ಆಗ ತನಗೆ ಬೇಕಾದ ಹಾಗೆ ಓದಿಕೊಂಡಳು.

"ಮೇಡಂ, ಸರಿಯಾಯ್ತಾ? ನಾನು ಅಂತಾನೇ ಹೇಳಿದೆ" ಎಂದಳು ಹುಡುಗಿ. ಅವಳು ಏನು ಹೇಳಿದಳೋ ಇವಳಿಗೆ ಕೇಳಿರಲಿಲ್ಲ. ಚೆನ್ನಾಗಿತ್ತು ಎಂದಳು. ಹೊರಗೆ ಬಂದು, ಮೇಡಂಗೆ ತಲೆನೋವೆಂದು ಹೇಳಿ, ಅವರು ಅರ್ಥವಾಯಿತು ಎಂಬಂತೆ ಕಣ್ಣು ಮುಚ್ಚಿ ತೆರೆದದ್ದನ್ನು ನೋಡಿ, ಬಸ್ಸು ಹಿಡಿದಳು.

ಕಾಲೇಜಿಗೆ ಅವಳು ಒಂದೇ ಸಲ ಬಂದಿದ್ದಳು, ಗಂಡನ ಜೊತೆ. ಅವತ್ತು ಗೇಟಿನಾಚೆ ನಿಂತಿದ್ದಳು. ಇವತ್ತು ಒಳಗೆ ಹೋದಳು. ಹುಲ್ಲು ಕತ್ತರಿಸಿದ ವಾಸನೆ, ನೆಲದಲ್ಲಿ ಮುಖ ಕಾಣುವಷ್ಟು ಒರೆಸಿದ ಕಾರಿಡಾರು, ಗೋಡೆಗೆ ಸಾಲಾಗಿ ಕುರ್ಚಿಗಳು. ಕುರ್ಚಿಗಳಲ್ಲಿ ಕೋಟು ತೊಟ್ಟವರು ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ತುಟಿಗಳ ಆಕಾರದಿಂದಲೇ ಯಾವ ಪ್ರಶ್ನೆಯ ಉತ್ತರ ಎಂದು ಅವಳು ಹೇಳಬಲ್ಲವಳಾಗಿದ್ದಳು. ಬೀಗ ಅಲ್ಲಿರಲಿಲ್ಲ. ನೀರು ಕುಡಿಯಲು ಹೋಗಿರಬೇಕು, ಅಥವಾ ಬಂದೇ ಇಲ್ಲವೋ. ಪಟ್ಟಿ ಹಿಡಿದಿದ್ದ ಹೆಂಗಸು, "ನಿಮ್ಮ ನಂಬರ್?" ಎಂದಳು.

"ನಾನು ಇಂಟರ್ವ್ಯೂಗೆ ಬಂದೋಳಲ್ಲ. ನಮ್ಮ ಮನೆಯವರು ಬಂದಿದ್ದರು, ಹೋದ ತಿಂಗಳು. ಒಳಗಿರೋ ಪ್ರೊಫೆಸರ್ ಹತ್ರ ಒಂದು ಮಾತಿದೆ."

"ರಿಸಲ್ಟ್ ವಿಷಯ ಮಾತಾಡಲ್ಲ ಮೇಡಂ, ಯಾರ ಮನೆಯವರು ಬಂದ್ರೂ ಅಷ್ಟೆ."

"ರಿಸಲ್ಟ್ ಬೇಡ. ಅವರು ತೀರಿಕೊಂಡರು."

ಆ ಮಾತಿಗೆ ಬಾಗಿಲುಗಳು ತೆರೆಯುತ್ತವೆ ಎಂದು ಈ ಕೆಲವು ದಿನಗಳಲ್ಲಿ ಅವಳಿಗೆ ತಿಳಿದಿತ್ತು. ತಿಳಿದೇ ಹೇಳಿದ್ದರಿಂದ ನಾಚಿಕೆಯಾಯಿತು. ಹೆಂಗಸು ಒಳಗೆ ಹೋಗಿ ಬಂದು, ಒಂದೇ ನಿಮಿಷ ಎಂದಳು.

ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ವಯಸ್ಸಾದ ಪ್ರೊಫೆಸರ್. ಇನ್ನೊಬ್ಬ, ಯಾವುದೋ ಕಂಪನಿಯವನಿರಬೇಕು, ಫೋನು ನೋಡುತ್ತಿದ್ದವನು ಅದನ್ನು ಬೋರಲು ಹಾಕಿದ. ಕೂತುಕೊಳ್ಳಿ ಎಂದದ್ದಕ್ಕೆ ಅವಳು ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಕೈ ತಾನಾಗಿ ಮಡಿಲಿಗೆ ಬಂತು, ಬೆನ್ನು ನೆಟ್ಟಗಾಯಿತು. ಮೇಜಿನ ಈ ಕಡೆಯಿಂದ ಅವರ ಮುಖಗಳ ಹಿಂದಿನ ಕಿಟಕಿ ಕಣ್ಣಿಗೆ ಹೊಡೆಯುತ್ತದೆ, ಅವರ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ಅವಳಿಗೆ ಗೊತ್ತಿರಲಿಲ್ಲ. ಗಂಡ ಹೇಳಿರಲಿಲ್ಲ.

"ನಮ್ಮ ಮನೆಯವರು ಇಲ್ಲಿ ಒಂದು ವಿಷಯ ಹೇಳಿದ್ರು. ಔಷಧಿ ಗೋದಾಮು, ಕೋಲ್ಡ್ ರೂಮಿನ ಬಾಗಿಲು, ಲಾರಿ ನಿಲ್ಲಿಸಿದ್ದು. ಅದು ಅವರದಲ್ಲ. ಜೊತೆಗೆ ಕೆಲಸ ಮಾಡೋರ ಹತ್ರ ಕಡ ತಂದಿದ್ದು. ಅವರು ಇವತ್ತು ಬರ್ತಾರೆ. ಅದೇ ಹೇಳ್ತಾರೆ. ಅವರೇ ಅದರ ಯಜಮಾನರು. ಅವರು ಕದ್ದರು ಅಂತ ನೀವು ತಿಳ್ಕೋಬಾರದು."

ಹೇಳಿ ಮುಗಿಯಿತು. ಇಷ್ಟೇನಾ ಅನ್ನಿಸಿತು. ಗಂಡ ಬದುಕಿದ್ದಾಗ ಹೇಳಿದ ಒಂದೇ ಒಂದು 'ನಾನು' ಅದು, ಅದನ್ನು ಕಿತ್ತು ಮೇಜಿನ ಮೇಲಿಟ್ಟಿದ್ದಳು.

ಪ್ರೊಫೆಸರ್ ಕನ್ನಡಕ ತೆಗೆದರು. ಪಕ್ಕದವನನ್ನು ನೋಡಿದರು. ಅವನು ಇಲ್ಲ ಎಂದು ತಲೆಯಾಡಿಸಿದ.

"ಕ್ಷಮಿಸಿ ಅಮ್ಮಾ. ನೆನಪಾಗ್ತಿಲ್ಲ. ನೀವು ಇಷ್ಟು ದೂರ ಬಂದಿದ್ದೀರಿ, ನೆನಪಿದೆ ಅನ್ನಬಹುದಿತ್ತು. ಆದರೆ ಇಲ್ಲ. ದಿನಕ್ಕೆ ಎಷ್ಟೋ ಜನ ಬರ್ತಾರೆ. ಎಲ್ಲರೂ ಏನಾದ್ರೂ ಒಂದನ್ನ ನಿಲ್ಲಿಸಿರ್ತಾರೆ. ಲಾರಿ, ಮೆಷಿನು, ಜಗಳ." ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ದಣಿವಿತ್ತು. "ನೀವು ಹೇಳದಿದ್ದರೂ ಏನೂ ಆಗ್ತಿರಲಿಲ್ಲ. ನಿಮ್ಮ ಆ ಹುಡುಗ ಬಂದು ಹೇಳಿದ್ರೆ ನಾವು ಹೊಸದು ಅಂತಲೇ ಕೇಳ್ತಿದ್ದೆವು."

ಅವಳು ತಲೆಯಾಡಿಸಿದಳು. ತಲೆಯಾಡಿಸುವುದು ನಿಲ್ಲಲಿಲ್ಲ. ಊಟದ ಮೇಜು, ಸರಿಸಿದ ತಟ್ಟೆಗಳು, ಬೆರಳಿನ ಕುಟ್ಟು, ಗೋಡೆಯಾಚೆ ಕೇಳಿಸಿಕೊಳ್ಳುತ್ತ ಮಲಗಿದ್ದ ಅತ್ತೆ, ಬಾಗಿಲಲ್ಲಿ ಟೈ ಸಡಿಲಿಸುತ್ತ ನಿಂತ ಬೀಗ. ಎಲ್ಲವೂ ಇವರ ಕಿವಿಗಾಗಿ ನಡೆದಿತ್ತು. ಇವರ ಕಿವಿಯಲ್ಲಿ ಅದು ಒಂದು ಸಂಜೆಯವರೆಗೂ ನಿಂತಿರಲಿಲ್ಲ.

"ಪಾಪ, ಚಿಕ್ಕ ವಯಸ್ಸು" ಎಂದರು ಪ್ರೊಫೆಸರ್. ಅವಳಿಗೋ, ಅವನಿಗೋ. ಏಳುತ್ತಾಳೆ ಎಂದುಕೊಂಡಿದ್ದರು. ಏಳದ್ದನ್ನು ನೋಡಿ, ಏನಾದರೂ ಒಳ್ಳೆಯದನ್ನು ಮಾಡಬೇಕೆನಿಸಿರಬೇಕು. ಮುಂದಕ್ಕೆ ಬಾಗಿದರು. "ಅದು ಅವರದಲ್ಲ ಅಂದ್ರಿ. ಸರಿ. ಹಾಗಾದ್ರೆ ಅವರದೇ ಅಂತ ಒಂದು ಹೇಳಿ. ಏನಾದ್ರೂ. ನೆನಪಿಟ್ಕೋತೀವಿ."

ಅವಳು ಬಾಯಿ ತೆರೆದಳು. ಅವನು ಸ್ನಾನವಾದ ಮೇಲೆ ಕನ್ನಡಿಯ ಹಬೆಯನ್ನು ಅವಳಿಗಾಗಿ ಒರೆಸಿ ಬರುತ್ತಿದ್ದ. ಬಸ್ಸಿನಲ್ಲಿ ನಿದ್ದೆ ಮಾಡುವಾಗಲೂ ಅವಳ ಚೀಲದ ಹಿಡಿ ಬಿಡುತ್ತಿರಲಿಲ್ಲ. ಯಾರಾದರೂ ದಾರಿ ಕೇಳಿದರೆ ಗೊತ್ತಿಲ್ಲದಿದ್ದರೂ ಅರ್ಧ ದಾರಿ ಜೊತೆಗೆ ಹೋಗುತ್ತಿದ್ದ. ಇವುಗಳಲ್ಲಿ ಯಾವುದಕ್ಕೂ ಶುರುವಿಲ್ಲ, ತಿರುವಿಲ್ಲ, ಕೊನೆಯಲ್ಲಿ ಕಲಿತದ್ದಿಲ್ಲ. ಇಂಥವನ್ನು ತಂದವರಿಗೆ ಅವಳು, ಇದು ಸಾಲದು, ಬೇರೆ ತನ್ನಿ ಎಂದು ಹೇಳುತ್ತ ಬಂದಿದ್ದಳು. ನಿಜವಾಗಿ ಅವನದೇ ಎನ್ನುವಂಥದ್ದು ಒಂದಿತ್ತು. ಆಫೀಸಿನ ಕಿಟಕಿಯಲ್ಲಿ ನಿಂತಿದ್ದ. ಸುಮ್ಮನಿರೋ ಅಂದಿದ್ದ. ಅದನ್ನು ಅವನೇ ಹೇಳಲು ಬಂದಿದ್ದ, ಊಟದ ಮೇಜಿನ ಹತ್ತಿರ, ತಟ್ಟೆಯಿಂದ ಕೈ ತೆಗೆದು. ಬೇಡ ಎಂದವಳು ಅವಳು. ಈಗ ಹೇಳಿದರೆ ಇವರು ನೆನಪಿಟ್ಟುಕೊಂಡರೂ ಇಟ್ಟುಕೊಂಡಾರು. ಕಿಟಕಿಯ ಬೆಳಕಿನಲ್ಲಿ ಅವರಿಬ್ಬರ ಮುಖ ಕಪ್ಪಾಗಿ ಕಾಣುತ್ತಿತ್ತು.

"ಪರವಾಗಿಲ್ಲ" ಎಂದರು ಪ್ರೊಫೆಸರ್. "ಸಮಯ ತಗೊಳ್ಳಿ."

ಆ ಮಾತು ಅವಳಿಗೆ ಚೆನ್ನಾಗಿ ಗೊತ್ತು. ಇನ್ನು ಇವರಿಂದ ಏನೂ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವಳೂ ಅದನ್ನೇ ಹೇಳುತ್ತಾಳೆ, ಇಷ್ಟೇ ಮೆತ್ತಗೆ.

"ಇಲ್ಲ ಸರ್" ಎಂದಳು. "ಅಂಥದ್ದೇನಿಲ್ಲ. ಇದನ್ನ ಕೊಟ್ಟು ಹೋಗೋಕೆ ಬಂದೆ, ಅಷ್ಟೆ."

ಎದ್ದು, ಕುರ್ಚಿಯನ್ನು ಇದ್ದ ಹಾಗೆ ಸರಿಮಾಡಿ, ಬಾಗಿಲು ತೆಗೆದಳು. ಹೊರಗೆ ಪಟ್ಟಿಯ ಹೆಂಗಸು ಒಂದು ಹೆಸರು ಕೂಗಿದಳು. ಅವಳು ಎಂದೂ ಕೇಳದ ಹೆಸರು. ಕಾರಿಡಾರಿನ ತುದಿಯ ಕುರ್ಚಿಯಿಂದ ಬೀಗ ಎದ್ದ, ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಅವಳನ್ನು ನೋಡಿ ಕಾಲು ಅಲ್ಲೇ ನಿಂತಿತು. ಅವಳೇ ಹತ್ತಿರ ಹೋದಳು. ಕೋಟಿನ ಬೆನ್ನಿನ ಸುಣ್ಣವನ್ನು ಅಂಗೈಯಿಂದ ಎರಡು ಸಲ ಬಡಿದಳು. ಪೂರ್ತಿ ಹೋಗಲಿಲ್ಲ.

"ಅತ್ತಿಗೆ, ನೀವಿಲ್ಲಿ? ಏನಂದ್ರು ಅವರು?"

"ಏನೂ ಅನ್ನಲಿಲ್ಲ. ನಿಮ್ಮದನ್ನ ಒಳಗಿಟ್ಟು ಬಂದಿದ್ದೀನಿ. ಹೋಗಿ, ತಗೊಳ್ಳಿ."